ಇಂಗಿನ ಡಬ್ಬಿಯಲ್ಲಿ ಹನ್ನೆರಡು ದಿನ

ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲು ಸರಿದು ಸರಿದು ಒರಳಿನ ಬಾಯಿಗೆ ಬಂದು ನಿಂತಿದೆ, ಅಂದರೆ ಮೂರು ಗಂಟೆ ದಾಟಿತು, ಆ ಕೋಲಿನೊಳಗೆ ಮೆಣಸಿನಕಾಯಿಯ ಕೆಂಪು ಧೂಳು ಏರುವುದೂ ಇಲ್ಲ ಇಳಿಯುವುದೂ ಇಲ್ಲ, ಸುಮ್ಮನೆ ತೇಲುತ್ತಿದೆ, ಮಹಾನಂದಮ್ಮ ಒನಕೆಯನ್ನು ಗೋಡೆಗೆ ಒರಗಿಸಿ ಅದನ್ನೇ ನೋಡುತ್ತ ಕೂತಿದ್ದಾಳೆ, ಸಮುದ್ರವೂ ಹೀಗೆಯೇ ಇರುತ್ತದೋ ಏನೋ, ಕಣ್ಣು ಹಾಯುವಷ್ಟು ದೂರ ತೇಲುವ ಬೆಳಕು — ಹುಟ್ಟಿದ ಐವತ್ತಮೂರು ವರ್ಷದಲ್ಲಿ ಅವಳು ಕಂಡ ದೊಡ್ಡ ನೀರೆಂದರೆ ಕೆಂಪಾಂಬುಧಿ ಕೆರೆ, ಅದರ ಆಚೆ ದಡ ಗವೀಪುರ, ಆದ್ದರಿಂದ ಹಡಗು ಹತ್ತಿದ ಮಕ್ಕಳೆಲ್ಲ ಅವಳ ಮನಸ್ಸಿನಲ್ಲಿ ಒಂದಲ್ಲ ಒಂದು ಗವೀಪುರಕ್ಕೆ ಹೋಗಿ ಇಳಿದವರೇ, ಇಂಗ್ಲೆಂಡು ಮೊದಲನೆಯ ಗವೀಪುರ, ಜರ್ಮನಿ ಅದರ ಮಗ್ಗುಲಿನದು, ಅಮೆರಿಕ ಮಾತ್ರ ಏರಿಯ ಮೇಲೆ ಎಷ್ಟು ಹೊತ್ತು ನಿಂತು ಕಣ್ಣು ಕಿರಿದು ಮಾಡಿದರೂ ಕಾಣದ್ದು. ಚಾಮರಾಜಪೇಟೆಯ ಈ ಚಿಕ್ಕ ಮನೆಯಲ್ಲಿ ಕೂತು ಅವಳು ಹದಿನೇಳು ವರ್ಷದಿಂದ ಪರದೇಶಕ್ಕೆ ಓದಲು ಹೊರಟ ಮಕ್ಕಳಿಗೆ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹುರಿಹಿಟ್ಟು ಮಾಡಿ ತಗಡಿನ ಡಬ್ಬಿಗೆ ತುಂಬಿ ಕೊಡುತ್ತ ಬಂದವಳು, ಹಡಗಿನ ಪುಡಿಗೆ ಕೊಬ್ಬರಿ ಹಾಕಬಾರದು, ತಿಂಗಳೊಪ್ಪತ್ತಿಗೆ ಕಮಟು ಹಿಡಿಯುತ್ತದೆ, ಹುಣಸೆಹಣ್ಣಿಗೆ ಎರಡು ಬಿಸಿಲು ಹೆಚ್ಚಿಗೆ ತೋರಿಸಬೇಕು, ಮುಚ್ಚಳದ ಬೆಸುಗೆಗೆ ಕಲಾಸಿಪಾಳ್ಯದ ಮುನಿಸ್ವಾಮಿಯೇ ಆಗಬೇಕು, ಇದೆಲ್ಲ ಕೈಗೆ ಗೊತ್ತು, ಕೈ ತಾನೇ ಮಾಡಿಕೊಂಡು ಹೋಗುತ್ತದೆ, ಆದರೆ ಇವತ್ತು ಕೈ ನಡೆಯುತ್ತಿಲ್ಲ. ಪುಡಿಗೆ ಇಂಗು ಹಾಕಬೇಕು. ಇಂಗಿನ ಡಬ್ಬಿ ಅಡ್ಡಹಲಗೆಯ ಮೇಲಿದೆ, ಎದ್ದು ಕೈ ನೀಡಿದರೆ ಸಿಗುತ್ತದೆ, ಅದರೊಳಗೆ ಗಟ್ಟಿ ಇಂಗಿನ ಜೊತೆ ಶಿವಕುಮಾರಿಯ ಹೆಸರಿಗೆ ಅಮೆರಿಕದಿಂದ ಬಂದ ಕಾಗದವಿದೆ, ಹನ್ನೆರಡು ದಿನದಿಂದ ಇದೆ, ಶಿವಕುಮಾರಿಗೆ ಗೊತ್ತಿಲ್ಲ, ಇಟ್ಟವಳು ಇವಳೇ.

ಯಾಕೆ ಇಟ್ಟೆ ಎಂದು ಯಾರಾದರೂ ಕೇಳಿದರೆ ಗೋಡೆಯ ಗೂಡು ತೋರಿಸಬೇಕು, ಅಲ್ಲಿ ಅಂಗೈಯಗಲದ ಪಿಂಗಾಣಿ ಜಾಡಿಗಳು ಸಾಲಾಗಿ ಕೂತಿವೆ, ಒಂದೊಂದರಲ್ಲೂ ಒಂದೊಂದು ಹಿಡಿ ಪುಡಿ, ಬಾಯಿಗೆ ಬಟ್ಟೆ, ಬಟ್ಟೆಯ ಮೇಲೆ ಹೆಸರಿನ ಚೀಟಿ. ಇದು ಶುರುವಾದದ್ದು ಮೂವತ್ತೇಳನೇ ಇಸವಿಯಲ್ಲಿ, ಮೊಟ್ಟಮೊದಲನೆಯ ಡಬ್ಬಿ, ಪೇಟೆಯ ವೀರಭದ್ರಯ್ಯನವರ ಮಗ ಬ್ಯಾರಿಸ್ಟರಿಕೆ ಓದಲು ಲಂಡನ್ನಿಗೆ ಹೊರಟಿದ್ದ, ಡಬ್ಬಿ ಒಯ್ಯಲು ಬಂದ ಅವನ ತಾಯಿ ಈ ನಡುಮನೆಯಲ್ಲೇ ಕುಸಿದು ಅತ್ತರು, ಏನು ಹೇಳಬೇಕೋ ತಿಳಿಯದೆ ಮಹಾನಂದಮ್ಮ ಡಬ್ಬಿಯಿಂದ ಒಂದು ಹಿಡಿ ವಾಪಸು ತೆಗೆದಳು, ಅಳಬೇಡೀಮ್ಮ, ಇದು ಅವರ ಪಾಲು, ಇಲ್ಲೇ ಇರತ್ತೆ, ಬಂದು ತಿನ್ಲಿ ಅಂದಳು, ಹುಡುಗ ಮೂರು ವರ್ಷಕ್ಕೆ ಯುದ್ಧದ ಹಡಗುಗಳ ಸಂದಿಯಲ್ಲಿ ನುಸುಳಿಕೊಂಡು ಬಂದೇಬಿಟ್ಟ, ಬಿಸಿ ಅನ್ನಕ್ಕೆ ಆ ಹಿಡಿ ಕಲಸಿ ತಿಂದ, ಮಹಾನಂದಮ್ಮನ ಹಿಡಿ ಸಮುದ್ರದಾಚೆಯಿಂದ ಎಳೆದು ತರತ್ತೆ ಎಂದು ತಾಯಿ ಪೇಟೆಯೆಲ್ಲ ಸಾರಿಕೊಂಡು ಬಂದರು, ಅಲ್ಲಿಂದಾಚೆಗೆ ಹಿಡಿ ತೆಗೆದಿಡದ ಡಬ್ಬಿಯನ್ನು ಯಾವ ತಾಯಿಯೂ ಒಯ್ಯಲಿಲ್ಲ. ಆಮೇಲೂ ಯುದ್ಧವೇ, ಆರು ವರ್ಷ ಒಬ್ಬರೂ ಹೋಗಲಿಲ್ಲ, ತೊಗರಿಬೇಳೆಗೇ ಚೀಟಿ ಹಿಡಿದು ನಿಲ್ಲುವ ಕಾಲ, ಪುಡಿ ಯಾರಿಗೆ ಬೇಕು. ನಲವತ್ತಾರರ ಮಳೆಗಾಲಕ್ಕೆ ಕಟ್ಟೆ ಒಡೆಯಿತು, ಒಂದೇ ವರ್ಷ ಏಳು ಡಬ್ಬಿ, ಆಗ ಎಲ್ಲ ಇಂಗ್ಲೆಂಡು, ನಲವತ್ತೆಂಟರಲ್ಲಿ ಅರ್ಧ ಇಂಗ್ಲೆಂಡು ಅರ್ಧ ಅಮೆರಿಕ, ಐವತ್ತರಿಂದ ಈಚೆಗೆ ನಾಲ್ಕು ಡಬ್ಬಿ ಹೊರಟರೆ ಮೂರು ಅಮೆರಿಕಕ್ಕೇ, ಉಳಿದದ್ದು ಎಂಜಿನಿಯರಿಕೆಗೆ ಜರ್ಮನಿಗೆ, ಮೊದಮೊದಲು ಮಂಡಿ ಸಾಹುಕಾರರ ಹಿರೀಮಕ್ಕಳು, ಈಗ ಮೇಷ್ಟರ ಮಕ್ಕಳು, ಗುಮಾಸ್ತರ ಮೂರನೇ ಮಕ್ಕಳು, ವಿಮಾನ ಬಂದ ಮೇಲೆ ಡಬ್ಬಿಯೇ ಅರ್ಧ ಸೇರಿಗೆ ಇಳಿಯಿತು, ತೂಕ ಜಾಸ್ತಿಯಾದ್ರೆ ಕಿತ್ತು ಬಿಸಾಕ್ತಾರಂತೆ ಅಮ್ಮ ಅನ್ನುತ್ತಾರೆ ತಾಯಂದಿರು. ಇವೆಲ್ಲ ಪತ್ರಿಕೆಯವರಿಗೆ ಗೊತ್ತಿತ್ತೋ ಇಲ್ಲವೋ, ಅವಳ ಒನಕೆಗೆ ಗೊತ್ತಿತ್ತು, ಯಾರೂ ಕೇಳಲಿಲ್ಲ, ಕೇಳಿದ್ದರೆ ಇನ್ನೂ ಒಂದು ಹೇಳುತ್ತಿದ್ದಳು, ಇಂಗ್ಲೆಂಡಿನವರು ಛಳಿ ಬಿದ್ದ ಕೂಡಲೇ ಮೆಂತ್ಯದ ಹಿಟ್ಟಿಗೆ ಬರೆಯುತ್ತಾರೆ, ಅಮೆರಿಕದವರು ಮೊದಲ ವರ್ಷ ಎರಡು ಡಬ್ಬಿ ಕಳಿಸಿ ಅನ್ನುತ್ತಾರೆ, ಎರಡನೇ ವರ್ಷ ಖಾರ ಕಮ್ಮಿ ಮಾಡಿಸಿ ಅನ್ನುತ್ತಾರೆ, ಮೂರನೇ ವರ್ಷ ಕಾಗದದಲ್ಲಿ ಪುಡಿಯ ಸುದ್ದಿಯೇ ಇರುವುದಿಲ್ಲ. ಪುಡಿಯ ಸುದ್ದಿ ನಿಂತರೆ ಬರುವ ಸುದ್ದಿಯೂ ನಿಂತಿತು ಅಂತ ತಿಳಿಯಬೇಕು. ಹಿಡಿ ಹಳತಾಗಿ ಹುಳ ಬೀಳಬಾರದೆಂದು ಪ್ರತಿ ಶಿವರಾತ್ರಿಗೆ ಅವಳು ಹಳೆಯದನ್ನು ಚೆಲ್ಲಿ ಜಾಡಿಗಳಿಗೆ ಹೊಸ ಹಿಡಿ ತುಂಬುತ್ತಾಳೆ, ಓದು ಮುಗಿದೂ ಬಾರದವರದು ಐವತ್ತೊಂದರ ಶಿವರಾತ್ರಿಗೆ ಎರಡು ಹಿಡಿ, ಐವತ್ಮೂರಕ್ಕೆ ಐದು, ಈ ಐವತ್ನಾಲ್ಕರ ಶಿವರಾತ್ರಿಗೆ ಹನ್ನೊಂದು, ಹನ್ನೊಂದರಲ್ಲಿ ಒಂಬತ್ತು ಅಮೆರಿಕದ್ದೇ, ಇನ್ನೊಂದು ಜಾಡಿಗೆ ಗೂಡಿನಲ್ಲಿ ಜಾಗ ಎಲ್ಲಿದೆ.

ಶಿವಕುಮಾರಿ ಅವಳ ತಂಗಿಯ ಮಗಳು, ತಂಗಿ ಬಾಣಂತನದಲ್ಲಿ ಹೋದಳು, ತಂದೆ ತುಮಕೂರಿನಲ್ಲಿ ಇನ್ನೊಂದು ಮದುವೆಯಾದ, ಮಗು ಇವಳ ಮಡಿಲಿಗೆ ಬಿತ್ತು, ಮಡಿಲಲ್ಲಿ ಬೇರೆ ಯಾರೂ ಇರಲಿಲ್ಲ, ಗಂಡ ಅಷ್ಟರಲ್ಲಾಗಲೇ ಗೋಡೆಯ ಪಟವಾಗಿದ್ದರು. ನಲವತ್ತನಾಲ್ಕನೇ ವಯಸ್ಸಿಗೆ ಇವಳು ವಯಸ್ಕರ ಶಾಲೆಗೆ ಸೇರಿದಾಗ ಬಳಪ ಹಿಡಿದ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ತಿದ್ದಿಸಿದ್ದು ಆ ಹುಡುಗಿಯೇ, ಹನ್ನೆರಡು ಹದಿಮೂರರ ಹುಡುಗಿ, ದೊಡ್ಡಮ್ಮ, ಮ ಅನ್ನೋದು ಹೊಟ್ಟೆ ತುಂಬಿದ ಅಕ್ಷರ, ಹಾಗೆ ಉಪವಾಸ ಕೆಡವಬೇಡ, ಅಂದು ನಗುತ್ತಿದ್ದಳು, ಅದಕ್ಕೆ ಮೊದಲು ಜಾಡಿಗಳಿಗೆ ಹೆಸರಿರಲಿಲ್ಲ, ಒಬ್ಬನಿಗೆ ಒಂದು ಹುಣಸೆಬೀಜ, ಇನ್ನೊಬ್ಬನಿಗೆ ಎರಡು, ಗುರುತಿಗೆ ಅಷ್ಟೇ. ಈಗ ಅವಳು ಕಾಲೇಜಿನ ಲ್ಯಾಬಿನಲ್ಲಿ ಹುಡುಗಿಯರಿಗೆ ಕೆಮಿಸ್ಟ್ರಿ ಮಾಡಿ ತೋರಿಸುತ್ತಾಳೆ, ಮಾಗಿಯಲ್ಲಿ ಅಮೆರಿಕದ ಒಂದು ಯೂನಿವರ್ಸಿಟಿಗೆ ಅರ್ಜಿ ಹಾಕಿದಳು, ಫೀಸೂ ಅವರೇ ಕಟ್ತಾರೆ ದೊಡ್ಡಮ್ಮ, ಊಟಕ್ಕೂ ಅವರೇ ಕೊಡ್ತಾರೆ, ಒಂದೇ ಒಂದು ಜಾಗ ಇರೋದು, ಸಿಕ್ಕಿದ್ರೆ ಕಾಗದ ಹಾಕಿದ ದಿನದಿಂದ ಮೂರು ವಾರದೊಳಗೆ ತಂತಿ ಕೊಡ್ಬೇಕು, ಇಲ್ಲದಿದ್ರೆ ಬೇರೆಯವರಿಗೆ ಕೊಟ್ಬಿಡ್ತಾರೆ. ಸಿಗೋಲ್ಲ ಬಿಡೇ ಎಂದು ಅಂದು ಮಹಾನಂದಮ್ಮ ಮನಸ್ಸಿನಲ್ಲೇ ಅಂದುಕೊಂಡಿದ್ದಳು, ಸಿಗದಿರಲಿ ಎಂದು ಅಲ್ಲ, ಸಿಗುವುದಿಲ್ಲ ಎಂದು — ಎರಡಕ್ಕೂ ಎಷ್ಟು ಅಂತರವೋ ಈಗ ಹೇಳಲು ಬರುವುದಿಲ್ಲ. ಕಾಗದ ಬಂದ ಆ ಬುಧವಾರ ಬೆಳಿಗ್ಗೆ ಅಂಚೆಯ ದೊಡ್ಡಬೈರಪ್ಪ ಅರ್ಧ ದಿನದ ರಜೆಯಲ್ಲಿದ್ದ, ತಂಗಿಯ ಮನೆ ಗೃಹಪ್ರವೇಶವಂತೆ, ಬದಲಿಗೆ ಬಂದ ಆಳು ಹೆಸರು ಕೂಡ ಕೂಗದೆ ಲಕೋಟೆಯನ್ನು ಜಗುಲಿಗೆ ಎಸೆದು ಸೈಕಲ್ ತುಳಿದ, ಬಗ್ಗಿ ಎತ್ತಿಕೊಂಡಾಗ ಕೈಗೆ ಗೊತ್ತಾಯಿತು, ಕಣ್ಣಿಗಿಂತ ಮುಂಚೆ ಕೈಗೆ. ಇಂಗ್ಲಿಷು ಅವಳಿಗೆ ಬಾರದು, ಅಂಕಿ ಬರುತ್ತದೆ, ಆದರೆ ತೂಕಕ್ಕೆ ಭಾಷೆ ಯಾಕೆ, ಹದಿನೇಳು ವರ್ಷದಿಂದ ತಾಯಂದಿರು ಲಕೋಟೆ ಒಡೆದ ದಿನವೇ ಅದನ್ನು ತಂದು ಇವಳ ಮಡಿಲಲ್ಲಿ ಹಾಕಿ ಡಬ್ಬಿಗೆ ಹೇಳಿ ಹೋಗಿದ್ದಾರೆ, ಇಲ್ಲ ಅನ್ನುವ ಕಾಗದ ಒಂದೇ ಹಾಳೆ, ಒಣಗಿದ ಅರಳಿ ಎಲೆಯ ಹಾಗೆ, ಬಾ ಅನ್ನುವ ಕಾಗದದೊಳಗೆ ಫಾರಂಗಳು, ರೂಮಿನ ಕಾಗದ, ಡಾಕ್ಟರ ಕಾಗದ, ಮಡಿಸಿ ಮಡಿಸಿ ಹೊಟ್ಟೆ ಬಂದಿರುತ್ತದೆ. ಇದಕ್ಕೆ ಹೊಟ್ಟೆ ಬಂದಿತ್ತು. ಕೈಗೆ ಗೊತ್ತಾದದ್ದನ್ನು ಕೈಯೇ ಬಚ್ಚಿಟ್ಟಿತು, ಸಂಜೆ ಕೊಟ್ಟರಾಯಿತು ಎಂದುಕೊಂಡು ಇಂಗಿನ ಡಬ್ಬಿಯ ಮುಚ್ಚಳ ತೆರೆದಳು, ಆ ಮನೆಯಲ್ಲಿ ಬೇರೆ ಯಾರೂ ಮುಟ್ಟದ ಡಬ್ಬಿ ಅದೊಂದೇ. ಸಂಜೆಯ ಅಂಚೆಗೆ ದೊಡ್ಡಬೈರಪ್ಪ ರಜೆ ಮುಗಿಸಿ ಬರುವಾಗಲೇ ಶಿವಕುಮಾರಿಯೂ ಬಂದಳು, ಗೇಟಿನ ಮೇಲಿಂದ ಅವನ ಕಡೆಗೆ ಕೈ ಚಾಚಿದಳು, ಅಂಗೈ ನಡುವೆ ರೂಪಾಯಿಯಗಲದ ಕಪ್ಪು ಕಲೆ, ಆಮೇಲೆ ಇದೇನೇ ಎಂದು ಇವಳು ಕೇಳಿದ್ದಕ್ಕೆ, ಬೆಳ್ಳಿ ಕರಗಿಸಿದ ಔಷಧಿ ದೊಡ್ಡಮ್ಮ, ಲ್ಯಾಬಲ್ಲಿ ಚೆಲ್ತು, ಎಷ್ಟು ಉಜ್ಜಿದ್ರೂ ಹೋಗಲ್ಲ, ಚರ್ಮ ಹಳೇದಾಗಿ ಉದುರಬೇಕು ಅಷ್ಟೇ. ದೊಡ್ಡಬೈರಪ್ಪ ತಲೆ ಆಡಿಸಿದ, ಏನೂ ಇಲ್ಲಮ್ಮ. ಬಾಗಿಲ ಸಂದಿಯಿಂದ ಮಹಾನಂದಮ್ಮ ಕಂಡದ್ದು ಆ ಅಂಗೈಯನ್ನೇ, ಏನೂ ಬೀಳದೆ ಗಾಳಿಯಲ್ಲಿ ಒಂದು ಗಳಿಗೆ ಹಾಗೇ ನಿಂತ ಅಂಗೈ, ಕೊಡಬೇಕಾದ ಸಂಜೆ ಅಲ್ಲಿಗೆ ದಾಟಿಹೋಯಿತು.

ಆಮೇಲೆ ದಿನಾ ಅದೇ, ಸಂಜೆಯ ಸೈಕಲ್ ಬೆಲ್ಲು, ಗೇಟು, ಅಂಗೈ. ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಧರಿಸಿ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿ ಇಟ್ಟುಕೊಂಡು ಕೂತರೆ, ಎಂಟನೇ ವಯಸ್ಸಿನಿಂದ ಒಂದು ದಿನ ತಪ್ಪದ ಪೂಜೆ, ಅಂಗೈಯ ಕಪ್ಪು ಲಿಂಗದ ಮೇಲೆ ನೋಟ ನಿಲ್ಲಿಸಿದರೆ, ಅಂಗೈ ಅವಳದಲ್ಲ, ಕಪ್ಪು ಲಿಂಗದ್ದಲ್ಲ, ಗೇಟಿನ ಮೇಲೆ ಚಾಚಿದ ಇನ್ನೊಂದು ಅಂಗೈ, ಅಲ್ಲಿನ ಕಪ್ಪು, ಎಡಗೈ ಬಲಗೈ ಅನ್ನುವ ಭೇದ ಕಣ್ಣಿಗಿಲ್ಲ, ಶಿವ ಶಿವ ಎಂದು ಕಣ್ಣು ಮುಚ್ಚಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಮೂರನೆಯ ದಿನ ಸಿದ್ದಬಸಪ್ಪನವರು ಬಂದರು, ಸುಲ್ತಾನ್‌ಪೇಟೆಯಲ್ಲಿ ಅಂಗಡಿ, ಮಗ ಪರಮಶಿವ ಮ್ಯಾಂಚೆಸ್ಟರಿನಲ್ಲಿ ನೂಲಿನ ಕೆಲಸ ಓದಿ ಐವತ್ತೊಂದಕ್ಕೆ ತಿರುಗಿ ಬಂದವನು, ನೋಡೀಮ್ಮ, ನಿಮ್ ಹಿಡಿ ತಿಂದೋನು, ನಿಮ್ ಹುಡುಗೀನೂ ನಮ್ಗೇ ಕೊಟ್ಬಿಡಿ, ಒರಳು ಸಮೇತ ಕಳಿಸಿದ್ರೂ ಬೇಡ ಅನ್ನಲ್ಲ ಎಂದು ಹೊಟ್ಟೆ ಕುಲುಕಿಸಿ ನಕ್ಕರು, ಒಳ್ಳೆಯ ಜನ, ಹುಡುಗ ತಲೆ ಎತ್ತಿ ಮಾತಾಡದ ಸಾಧು, ಬಸವನಗುಡಿಯಲ್ಲಿ ಹೊಸ ಮನೆ, ಇಲ್ಲಿಂದ ನಡೆದು ಹೋಗಿ ಮಾತಾಡಿಸಿ ಹೊತ್ತು ಮುಳುಗುವುದರೊಳಗೆ ಬರಬಹುದು — ಇದಕ್ಕಿಂತ ಇನ್ನೇನು ಬೇಕು, ಬಂದವನ ಮನೆಗೆ ಹೋಗುವುದಕ್ಕೂ ಹೋದವರ ದೇಶಕ್ಕೆ ಹೋಗುವುದಕ್ಕೂ ಎಲ್ಲಿಯ ಸಾಟಿ. ಆಷಾಢ ಹುಟ್ಟೋದ್ರೊಳಗೆ ಒಂದು ಮಾತು ಆಗಿಹೋಗ್ಲಿ, ಬರೋ ಸೋಮವಾರ ಅಲ್ಲ ಅದರಾಚೆ ಸೋಮವಾರ ಐದು ಗಂಟೆಗೆ ಬರ್ತೀನಿ, ಹೂಂ ಅಂದ್ರೆ ಅವತ್ತೇ ಹೂವು ಮುಡಿಸಿಬಿಡೋಣ ಅಂದರು. ಆ ಸೋಮವಾರ ಇವತ್ತು. ಶಿವಕುಮಾರಿ ಹತ್ತು ದಿನ ಬಾಯಿ ಬಿಡಲಿಲ್ಲ, ಕಾಗದ ಬರ್ಲಿ ನೋಡೋಣ, ಕಾಗದ ಬರ್ಲಿ, ಇಷ್ಟೇ, ಇವತ್ತು ಬೆಳಿಗ್ಗೆ ಇವಳು ಹಿಂದೆ ಕೂತು ಜಡೆ ಹೆಣೆಯುವಾಗ ಮುಂದೆ ನೋಡಿಕೊಂಡೇ ಹೇಳಿದಳು, ದೊಡ್ಡಮ್ಮ, ಸಿದ್ದಬಸಪ್ಪನೋರಿಗೆ ಹೂಂ ಅಂದ್ಬಿಡು. ಇವಳ ಕೈಯಲ್ಲಿ ಜಡೆಯ ಮೂರು ಕಾಲು ಹಾಗೇ ನಿಂತವು. ಕಾಗದ ಬರ್ಲಿಲ್ಲ, ಇನ್ನು ಬರಲ್ಲ, ಅವರಿಗೆ ನನಗಿಂತ ಚೆನ್ನಾಗಿರೋರು ಸಿಕ್ಕಿರ್ತಾರೆ, ನಾನೇ ಏನೋ ದೊಡ್ಡ ಬುದ್ಧಿವಂತೆ ಅಂದ್ಕೊಂಡಿದ್ದೆ ಕಣೇ, ಅಂದು ನಕ್ಕಳು, ಆ ನಗು ಅವಳದಲ್ಲ, ಸಾಮಾನು ಚೆನ್ನಾಗಿಲ್ಲ ಎಂದು ವಾಪಸು ಬಂದಾಗ ಅಂಗಡಿಯವನು ನಗುವ ನಗು. ಹೂಂ ಅನ್ನಲಿ ಎಂದೇ ತಾನೇ ಇಷ್ಟು ದಿನ ಕೊಡದೆ ಉಳಿದದ್ದು, ಹೂಂ ಬಂತಲ್ಲ, ಹುಡುಗಿ ತನ್ನನ್ನು ತಾನು ಇಳಿಸಿಕೊಂಡು ಕೊಟ್ಟ ಹೂಂ ಅದು, ಇಪ್ಪತ್ತೆರಡು ವರ್ಷ ಮೇಲೆ ಎತ್ತಿ ಎತ್ತಿ ಕೂರಿಸಿದ್ದನ್ನು ಹನ್ನೆರಡು ದಿನದಲ್ಲಿ ಕೆಳಗಿಳಿಸಿದವರು ಯಾರು.

ಮಧ್ಯಾಹ್ನ ತುಳಸಮ್ಮನವರು ಬಂದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ. ಬಸವನಗುಡಿಯ ಬ್ರಾಹ್ಮಣರ ಮನೆ, ನಲವತ್ತೊಂಬತ್ತರಲ್ಲಿ ಮಗ ಚಕ್ರಪಾಣಿ ಅಮೆರಿಕಕ್ಕೆ ಹೊರಟಾಗ ಇದೇ ಗೇಟಿನಾಚೆ ನಿಂತು, ಸಾಮಾನೆಲ್ಲ ನಮ್ಮದೇ ತಂದಿದೀನಿ, ನೀವು ಹುರಿದು ಕುಟ್ಟಿಕೊಡಿ ಸಾಕು, ಹುರಿದಿದ್ದಕ್ಕೆ ಮೈಲಿಗೆ ಇಲ್ಲ ಅಂತಾರೆ ಅಂದವರು, ಹಡಗಲ್ಲಿ ಬಡಿಸೋರು ಯಾವ ಮಡೀಲಿ ಬಡಿಸ್ತಾರಂತಮ್ಮ ಎಂದು ಇವಳು ಕೇಳಿದ್ದಕ್ಕೆ, ಅದು ನನ್ ಕಣ್ಣಿಗೆ ಕಾಣಲ್ವಲ್ಲ ಎಂದು ಅವರೇ ಮೊದಲು ನಕ್ಕಿದ್ದರು. ಇವತ್ತು ನೇರ ಒಳಗೆ ಬಂದು ಕಂಬಕ್ಕೆ ಒರಗಿ ಕೂತು, ನಮ್ಮ ಚಕ್ರಪಾಣಿ ಹಿಡಿ ಕೊಡೀಮ್ಮ ಅಂದರು. ಬಂದ್ರಾ, ಯಾವಾಗ ಬಂದ್ರು ಎಂದು ಇವಳು ಎದ್ದೇಬಿಟ್ಟಳು. ಎಲ್ಲಿ ಬರ್ತಾನೆ, ಅಲ್ಲೇ ಕೆಲಸ, ಅಲ್ಲೇ ಮನೆ ತಗೊಂಡ್ನಂತೆ, ಹಿತ್ತಲಲ್ಲಿ ಸೇಬಿನ ಮರ ಇದೆ ಅಂತ ಬರೆದಿದಾನೆ, ಸೇಬಿಗೆ ಚಟ್ನಿಪುಡಿ ಹಚ್ಕೊಂಡು ತಿಂತಾನೋ ಏನೋ, ನಾನು ಅತ್ತಿದ್ದಾಯ್ತು, ಬೀದಿಯೋರ ಹತ್ರ ಹೇಳ್ಕೊಂಡಿದ್ದಾಯ್ತು, ಈಗ ಹಸಿವಾಗ್ತಿದೆ, ಕೊಡಿ, ನಾನೇ ತಿಂತೀನಿ. ಇವಳು ಜಾಡಿ ಇಳಿಸಿ ಕೊಟ್ಟಳು, ಅನ್ನ ಹಾಕಲಾ ಅಂದರೆ, ಅನ್ನ ಮಾತ್ರ ಬೇಡಮ್ಮ, ಅಷ್ಟು ದೂರದ ಪರದೇಶಕ್ಕೆ ನಾನಿನ್ನೂ ಹೋಗಿಲ್ಲ ಎಂದು ಪುಡಿಯನ್ನು ಅಂಗೈಗೆ ಸುರಿದುಕೊಂಡು ಚಿಟಿಕೆ ಚಿಟಿಕೆಯಾಗಿ ಬಾಯಿಗೆ ಹಾಕಿಕೊಂಡರು, ಇಂಗು ತೆಂಗು ಇದ್ರೆ ಮಂಗವೂ ಅಡಿಗೆ ಮಾಡತ್ತೆ ಅಂತಾರೆ, ನೀವು ತೆಂಗಿಲ್ದೇನೇ ಮಾಡ್ತೀರಲ್ಲ, ಭಲೆ, ಅಂದರು, ಖಾರಕ್ಕೋ ಏನಕ್ಕೋ ಕಣ್ಣಲ್ಲಿ ನೀರು. ಆಮೇಲೆ ಕೈ ಕೊಡವುತ್ತ ಮೆಲ್ಲಗೆ ಹೇಳಿದರು, ಬಾ ಬಾ ಅಂತ ನಾಲ್ಕು ವರ್ಷ ಬರೆದೆ ಕಣ್ರೀ, ಆ ಮಾತಿಗೆ ಒಂದು ಸಲವೂ ಉತ್ತರ ಇಲ್ಲ, ಹೋಗು ಅಂತ ಒಂದೇ ಒಂದು ಸಲ ಅಂದಿದ್ದೆ, ಅವತ್ತು ರೈಲು ಸ್ಟೇಷನ್ನಲ್ಲಿ, ಅವರಪ್ಪ ಮುಖ ತಿರುಗಿಸ್ಕೊಂಡು ನಿಂತಿದ್ರು, ನಾನು ಅಂದೆ, ಇವತ್ತಿಗೂ ಪ್ರತಿ ಕಾಗದದ ಕೊನೇಲಿ ಅದನ್ನೇ ಬರೀತಾನೆ, ಅಮ್ಮ ನೀನು ಹೋಗು ಅಂದೆಯಲ್ಲ, ಅಂತ, ಅಷ್ಟಾದ್ರೂ ಅವನ ಹತ್ರ ನಂದು ಇದೆಯಲ್ಲ. ಬರಿದಾದ ಜಾಡಿಯನ್ನು ಸೆರಗಿನಿಂದ ಒರೆಸಿ ನೆಲದ ಮೇಲಿಟ್ಟು ಎದ್ದು ಹೋದರು, ಬಿಸಿಲಿನಲ್ಲಿ ಅವರ ಕೊಡೆ ತಿರುವಿನವರೆಗೂ ಕಾಣಿಸಿತು. ಹಿಡಿ ಯಾರನ್ನೂ ಎಳೆಯುವುದಿಲ್ಲ, ವೀರಭದ್ರಯ್ಯನವರ ಮಗ ಯುದ್ಧಕ್ಕೆ ಹೆದರಿ ಬಂದ, ಪರಮಶಿವ ಅಪ್ಪನ ಅಂಗಡಿಗೆ ಬಂದ, ಬರುವವರು ಬಂದರು, ಹದಿನೇಳು ವರ್ಷ ಇವಳು ಪುಡಿ ಬದಲಾಯಿಸಿದಳು, ಇಷ್ಟೇ.

ಬಿಸಿಲಿನ ಕೋಲು ಒರಳು ಬಿಟ್ಟು ಗೋಡೆ ಹತ್ತಿದೆ, ನಾಲ್ಕಾಗಿ ಎಷ್ಟು ಹೊತ್ತಾಯಿತೋ, ಅವಳು ಎದ್ದಳು, ಅಡ್ಡಹಲಗೆಗೆ ಕೈ ನೀಡಿದಳು, ಮುಚ್ಚಳ ತೆರೆದ ಕೂಡಲೇ ಆ ವಾಸನೆ, ಅಬ್ಬ, ಮುಖಕ್ಕೆ ಹೊಡೆದ ಹಾಗೆ. ಬಂದ ಹೆಣ್ಣುಮಕ್ಕಳಿಗೆಲ್ಲ ಬುದ್ಧಿ ಹೇಳುವವಳು ಇವಳೇ, ಇಂಗಿನ ಹತ್ರ ಏನೂ ಇಡ್ಬೇಡ್ರಮ್ಮ, ಅದು ಪಕ್ಕದಲ್ಲಿರೋರನ್ನ ಅವರ ಪಾಡಿಗೆ ಬಿಡಲ್ಲ, ಅಂಥವಳು ಗಾಬರಿಯಲ್ಲಿ ಬೇರೆ ಡಬ್ಬಿ ಕಾಣದೆ ಇದಕ್ಕೇ ತುರುಕಿದಳು, ಬೇರೆ ಯಾರಾದರೂ ಪೆಟ್ಟಿಗೆಯಲ್ಲಿ ಸೀರೆಯ ಕೆಳಗೆ ಇಡುತ್ತಿದ್ದರು, ಇವಳ ಕೈ ಪುಡಿಯ ಕೈ, ಡಬ್ಬಿಯೊಂದೇ ಗೊತ್ತು. ಐದನೆಯ ದಿನ ಇವತ್ತೇ ಬಂತು ಕಣೇ ಎಂದು ಕೊಟ್ಟುಬಿಡುವ ಯೋಚನೆ ಮಾಡಿದ್ದಳು, ಹೊರಗೆ ತೆಗೆದು ಗಾಳಿಗೆ ಹಿಡಿದಳು, ಮಲ್ಲಿಗೆ ಮೊಗ್ಗಿನ ಬುಟ್ಟಿಯಲ್ಲಿ ಮುಚ್ಚಿಟ್ಟಳು, ಗಂಧದ ಪುಡಿ ಉದುರಿಸಿದಳು, ಮಲ್ಲಿಗೆ ಇಂಗಾಯಿತೇ ಹೊರತು ಇಂಗು ಮಲ್ಲಿಗೆಯಾಗಲಿಲ್ಲ, ಎರಡು ದಿನದ ಮೇಲೆ ಸೋತು ತಿರುಗಿ ಅಲ್ಲೇ ಇಟ್ಟಳು. ಈಗ ಲಕೋಟೆಯ ಮೂಲೆಗಳಲ್ಲಿ ಹಳದಿ ಎಣ್ಣೆಯ ನೆರಳು ಬಿದ್ದಿದೆ, ಅಂಚೆಯ ದುಂಡು ಮೊಹರಿನ ಅಂಕಿ ಮಾತ್ರ ಸ್ಪಷ್ಟ, ಎಂಟು, ಅಂದರೆ ಈ ಜೂನ್ ಎಂಟು, ಮೂರು ವಾರ ಸೇರಿಸಿದರೆ ಇಪ್ಪತ್ತೊಂಬತ್ತು, ಇವತ್ತು ಇಪ್ಪತ್ತೆಂಟು. ನಾಳೆ ದಾಟಿದರೆ ಇವಳು ಏನೂ ಮಾಡಬೇಕಾಗಿಲ್ಲ, ಲಕೋಟೆ ತಾನೇ ಸತ್ತುಹೋಗುತ್ತದೆ, ಅಷ್ಟು ಕೂಡ ಯಾಕೆ, ಒಲೆಯಲ್ಲಿ ಕೆಂಡ ಇದೆ, ಹಾಕಿದರೆ ಅರೆ ಗಳಿಗೆ, ಬೀದಿಗೆ ಇಂಗಿನ ವಾಸನೆ ಹೋದರೆ ಮಹಾನಂದಮ್ಮನ ಮನೆಯಲ್ಲಿ ಒಗ್ಗರಣೆ ಅಂದುಕೊಳ್ಳುತ್ತಾರೆ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು, ಲಕೋಟೆ ಕೈಯಲ್ಲಿದೆ, ಕೆಂಡದ ಕಾವು ಬೆರಳಿಗೆ ತಾಗುತ್ತಿದೆ, ಮ್ಯಾಂಚೆಸ್ಟರಿನ ಸಾಧು ಹುಡುಗ, ಹೊಸ ಮನೆ, ಹಬ್ಬಕ್ಕೆ ಬಾ ಅಂದರೆ ಬರುವ ದೂರ, ಮೊಮ್ಮಕ್ಕಳ ಕಾಲ್ಗೆಜ್ಜೆಯ ಸದ್ದು ಈ ನಡುಮನೆಯಲ್ಲಿ, ಎಲ್ಲಾ ಸಿಗುತ್ತದೆ, ಒಂದು ಕಾಗದಕ್ಕೆ ಬೆಂಕಿ ಹಚ್ಚಿದರೆ ಎಲ್ಲಾ — ಆಮೇಲೆ ಆ ಹುಡುಗಿ ಬದುಕಿರುವವರೆಗೂ ತಾನು ಸಾಲದವಳು ಎಂದುಕೊಂಡೇ ಇರುತ್ತಾಳೆ, ಮಕ್ಕಳಿಗೆ ಜಡೆ ಹೆಣೆಯುತ್ತ ಹೇಳುತ್ತಾಳೆ, ನಾನೂ ಒಂದು ಸಲ ಅರ್ಜಿ ಹಾಕಿದ್ದೆ, ಅವರಿಗೆ ನಾನು ಬೇಡವಾದೆ. ಅದನ್ನು ಕೇಳಿಸಿಕೊಂಡು ಇವಳು ಕಾಫಿ ಲೋಟ ಕೆಳಗಿಡಬೇಕು, ಎಷ್ಟು ವರ್ಷ. ಕೆಂಡದ ಮೇಲೆ ಬೂದಿ ಕಟ್ಟುತ್ತಿದೆ, ಅದರ ನಡುವೆ ಒಂದು ಕಡೆ ಮಾತ್ರ ಬರಿಯ ಕಪ್ಪು, ರೂಪಾಯಿಯಗಲ, ಮತ್ತೆ ಅದೇ ಅಂಗೈ, ಪೂಜೆಯಲ್ಲೂ ಬಿಡಲಿಲ್ಲ ಒಲೆಯಲ್ಲೂ ಬಿಡಲಿಲ್ಲ.

ಸೈಕಲ್ ಬೆಲ್ಲು. ಅವಳು ಎದ್ದದ್ದು ತಿಳಿಯಲಿಲ್ಲ, ಬಾಗಿಲಿಗೆ ಬಂದಿದ್ದಾಳೆ, ಗೇಟಿನಾಚೆ ಶಿವಕುಮಾರಿ, ಪುಸ್ತಕಗಳನ್ನು ಎರಡು ಕೈಯಲ್ಲೂ ಎದೆಗೆ ಅವುಚಿಕೊಂಡಿದ್ದಾಳೆ, ದೊಡ್ಡಬೈರಪ್ಪ ತಾನಾಗಿಯೇ ಸೈಕಲ್ ನಿಧಾನ ಮಾಡಿ, ಇವತ್ತೂ ಇಲ್ಲ ಕಣಮ್ಮ ಅಂದ, ನಾನು ಕೇಳ್ಲೇ ಇಲ್ವಲ್ಲ ಬೈರಪ್ಪ ಎಂದು ಹುಡುಗಿ ಬೆಳಗಿನ ನಗುವನ್ನೇ ನಕ್ಕಳು. ಕೈ ಚಾಚಲಿಲ್ಲ. ಹನ್ನೆರಡು ದಿನ ಚಾಚಿದ ಕೈ ಇವತ್ತು ಚಾಚಲಿಲ್ಲ, ಪುಸ್ತಕದ ಅಡಿಯಲ್ಲಿ ಮಡಚಿಕೊಂಡಿದೆ, ಖಾಲಿ ಅಂಗೈಯನ್ನು ನೋಡಿದರೆ ಸಂಕಟ ಎಂದುಕೊಂಡಿದ್ದಳಲ್ಲ, ಮಡಚಿದ ಈ ಕೈಯನ್ನು ನೋಡುವುದು ಹೇಗೆ, ರಸ್ತೆಯ ತುದಿಯಲ್ಲಿ ಕುದುರೆಯ ಗೆಜ್ಜೆ, ಜಟಕಾ, ಸಿದ್ದಬಸಪ್ಪನವರು ಹೇಳಿದ ಗಂಟೆಗೆ ಬರುವವರು, ಹೂವಿನ ಬುಟ್ಟಿ ಇಟ್ಟುಕೊಂಡೇ ಬಂದಿರುತ್ತಾರೆ, ಮೂರು ಮೆಟ್ಟಿಲು ಇಷ್ಟು ಎತ್ತರ ಯಾವಾಗ ಆದವು, ಇಳಿದಳು, ಗೇಟಿನವರೆಗೆ ಹೋದಳು, ಶಿವೂ ಅಂದಳು, ಲಕೋಟೆಯನ್ನು ಮುಂದೆ ಹಿಡಿದಳು. ಹುಡುಗಿ ಮೊದಲು ಲಕೋಟೆ ನೋಡಲಿಲ್ಲ, ಅವಳ ಮೂಗು ಅರಳಿತು, ಆಮೇಲೆ ಸ್ಟಾಂಪು ನೋಡಿದಳು, ಮೊಹರು ನೋಡಿದಳು, ಮೂಲೆಯ ಹಳದಿ ನೋಡಿದಳು, ಮುಖ ಎತ್ತಲಿಲ್ಲ, ಇಂಗಿನ ವಾಸನೆ ದೊಡ್ಡಮ್ಮ ಅಂದಳು, ಅಷ್ಟೇ ಅಂದಳು. ಹೂಂ ಕಣೇ, ಇವತ್ತು ಬಂದದ್ದಲ್ಲ, ಬಂದು ಹನ್ನೆರಡು ದಿನ ಆಯ್ತು, ನಾನೇ ಬಚ್ಚಿಟ್ಟಿದ್ದೆ, ನಿನಗಿಂತ ಚೆನ್ನಾಗಿರೋರು ಯಾರೂ ಅವರಿಗೆ ಸಿಕ್ಕಿರ್ಲಿಲ್ಲ, ನಿನ್ನನ್ನೇ ಕರೆದಿದ್ರು, ನಾಳೆಗೆ ಮೂರು ವಾರ ಮುಗಿಯತ್ತೆ, ತಂತಿ ಆಫೀಸು ಇನ್ನೂ ತೆಗೆದಿರತ್ತೆ, ಸಿದ್ದಬಸಪ್ಪನೋರಿಗೆ ನಾನು ಹೇಳ್ಕೋತೀನಿ, ನನ್ನ ಬೈ, ಆಮೇಲೆ ಬೈ, ಈಗ ಹೋಗು. ಹೋಗು ಅನ್ನುವ ಮಾತು ಬಾಯಿಂದ ಬಿತ್ತು, ಪುಡಿಯ ಹಾಗೆ ಬಿದ್ದು ಎಲ್ಲೋ ಚೆಲ್ಲಿತೋ, ಸೇರಿತೋ, ತಿಳಿಯದು, ಜಟಕಾ ನಿಂತಿತು, ಕುದುರೆ ಕೆನೆಯಿತು, ಯಾರೋ ಇಳಿಯುತ್ತಿದ್ದಾರೆ, ಮಹಾನಂದಮ್ಮನಿಗೆ ಹುಡುಗಿಯ ಮುಖ ನೋಡುವ ಧೈರ್ಯವಿಲ್ಲ, ಅವಳ ಕೈಯನ್ನೇ ನೋಡುತ್ತಿದ್ದಾಳೆ, ಪುಸ್ತಕಗಳು ಎಡ ತೋಳಿಗೆ ಸರಿದವು, ಬಲಗೈ ಬಿಡಿಸಿಕೊಂಡಿತು, ಕೆಳಗೆ ಜೋತುಬಿತ್ತು, ಹೊಡೆಯುತ್ತದೋ, ಹೊಡೆಯಲಿ, ಮೇಲೆ ಬಂತು, ಗೇಟಿನ ಸರಳಿನ ಮೇಲೆ ಬಂದು ನಿಂತಿತು, ಬೆರಳುಗಳು ಒಂದೊಂದಾಗಿ ತೆರೆದವು, ಕಪ್ಪು ಹೋಗಿದೆ, ಹಳೆಯ ಚರ್ಮ ಉದುರಿ ನಡುವೆ ಹೊಸ ಚರ್ಮದ ತೆಳು ಗುಲಾಬಿ, ಅಂಚಿನಲ್ಲಿ ಮಾತ್ರ ಉಗುರಿನ ಗೀರಿನಷ್ಟು ಕಂದು, ಲಕೋಟೆ ಇನ್ನೂ ಇವಳ ಕೈಯಲ್ಲಿದೆ, ಅದಕ್ಕೂ ಇದಕ್ಕೂ ನಡುವೆ ಒಂದು ಗೇಣು, ಚಾಚಿದ ಅಂಗೈ, ಚಾಚಿದೆ, ಅಂಗೈ